ಕೆರೆಯುವ ಮುನ್ನ ರಾಮನ್ ಅವರನ್ನು ನೆನೆಯೋಣ

ಫೆಬ್ರುವರಿ 28 ಬಂತೆಂದರೆ ನಮ್ಮ ಶಾಲೆ ಕಾಲೇಜುಗಳಲ್ಲಿ ರಾಷ್ಟ್ರೀಯ ವಿಜ್ಞಾನ ದಿನದ ಸಡಗರ. ಸರ್ ಸಿ.ವಿ. ರಾಮನ್ ಅವರ ಭಾವಚಿತ್ರಕ್ಕೊಂದು ಹಾರ, ಅತಿಥಿಗಳ ಭಾಷಣ, ಮಕ್ಕಳ ಪ್ರಯೋಗಗಳ ಪ್ರದರ್ಶನ. ಮರುದಿನ ಎಲ್ಲವೂ ಮೊದಲಿನಂತೆ. ನಿವೃತ್ತನಾಗಿ ಬೆಳಗಾವಿಯಲ್ಲಿ ನೆಲೆಸಿರುವ ನನಗೆ ಮಾತ್ರ ಆ ದಿನ ಖಾನಾಪುರ ತಾಲ್ಲೂಕಿನ ಒಂದು ಗುಡಿಯ ಗೋಡೆ ನೆನಪಾಗುತ್ತದೆ. ನೊಬೆಲ್ ಪುರಸ್ಕೃತ ವಿಜ್ಞಾನಿಗೂ ಘಟ್ಟದ ಅಂಚಿನ ಆ ಗೋಡೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ; ಅದು ನನ್ನ ಅರಿವಿಗೆ ಬರುವ ಹೊತ್ತಿಗೆ ತಡವಾಗಿತ್ತು.

1990ರ ದಶಕದ ಮೊದಲ ವರ್ಷಗಳಲ್ಲಿ ನಾನು ಆ ಭಾಗದಲ್ಲಿ ಅಧಿಕಾರಿಯಾಗಿದ್ದೆ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿಲೋಮೀಟರ್. ಅಲ್ಲಿಂದ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಹೋದಂತೆಲ್ಲ ಮಳೆ ಹೆಚ್ಚು, ಕಾಡು ದಟ್ಟ, ಮಣ್ಣು ಕೆಂಪು. ಆ ಕಡೆಯ ಒಂದು ಹಳ್ಳಿಯ ಗುಡಿಯ ದುರಸ್ತಿಗೆ ಅನುದಾನ ಬಂದಿತ್ತು. ಅಂದಾಜು ಪಟ್ಟಿಯಲ್ಲಿ ಹೆಂಚು, ಗಾರೆ, ನೆಲಗಟ್ಟುಗಳ ಜತೆಗೆ ಇನ್ನೊಂದು ಬಾಬು ಇತ್ತು: ಒಳಗೋಡೆಗಳನ್ನು ಕೆರೆದು ಶುಚಿಗೊಳಿಸಿ ಎರಡು ಬಾರಿ ಎಣ್ಣೆಬಣ್ಣ ಬಳಿಯುವುದು. ದರ ಸರಿಯಿತ್ತು, ಲೆಕ್ಕ ಸರಿಯಿತ್ತು, ಸಹಿ ಮಾಡಿದೆ. ಕೆಲಸ ಮುಗಿದ ಮೇಲೆ ಪರಿಶೀಲನೆಗೆ ಹೋದಾಗ ಊರಿನ ಹಿರಿಯರೊಬ್ಬರು ಒಂದು ವಿಷಯ ತಿಳಿಸಿದರು. ಆ ಗೋಡೆಯ ಮೇಲೆ ಅವರ ಅಜ್ಜನ ಕಾಲಕ್ಕಿಂತ ಹಿಂದಿನಿಂದಲೂ ಕಾವಿಯ ಚಿತ್ರಗಳಿದ್ದವಂತೆ. ಆನೆ, ಕುದುರೆ, ಬಳ್ಳಿಗಳ ಸಾಲು. ಅವರ ಮಾತಿನಲ್ಲಿ ದೂರು ಇರಲಿಲ್ಲ. ಸಾಹೇಬರಿಗೆ ಗೊತ್ತಿರಲಿ ಎಂಬ ಧಾಟಿಯಿತ್ತು. ಸಹಿ ಮಾಡುವ ಮೊದಲು ನಾನು ಆ ಗೋಡೆಯನ್ನು ಒಮ್ಮೆಯೂ ನೋಡಿರಲಿಲ್ಲ.

ರಾಮನ್ ಅವರೂ ಮೊದಲಿಗೆ ಸರ್ಕಾರದ ಲೆಕ್ಕಪತ್ರ ನೋಡುವ ಅಧಿಕಾರಿಯಾಗಿದ್ದರೆಂಬ ಸಂಗತಿ ಅವರ ಕೀರ್ತಿಯ ಮರೆಯಲ್ಲಿ ಉಳಿದುಬಿಡುತ್ತದೆ. 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ಅವರ ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರು. ತಾಯಿ ಪಾರ್ವತಿ ಅಮ್ಮಾಳ್. ತಂದೆಯ ಉದ್ಯೋಗದ ನಿಮಿತ್ತ ಬಾಲ್ಯ ವಿಶಾಖಪಟ್ಟಣದಲ್ಲಿ ಕಳೆಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿ. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ಕುರಿತ ಅವರ ಲೇಖನ ಇಂಗ್ಲೆಂಡಿನ ಫಿಲಸಾಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಆದರೆ ಅಂದಿನ ಭಾರತದಲ್ಲಿ ವಿಜ್ಞಾನವನ್ನೇ ನೆಚ್ಚಿ ಸಂಸಾರ ನಡೆಸುವುದು ಕಷ್ಟವಿತ್ತು. ಬುದ್ಧಿವಂತ ತರುಣರು ಹೋಗುತ್ತಿದ್ದುದು ಸರ್ಕಾರಿ ಸೇವೆಗೆ. ರಾಮನ್ ಹಣಕಾಸು ಸೇವೆಯ ಪರೀಕ್ಷೆ ಬರೆದು ಮೊದಲಿಗರಾಗಿ ತೇರ್ಗಡೆಯಾದರು. 1907ರಲ್ಲಿ ಲೋಕಸುಂದರಿಯವರನ್ನು ವಿವಾಹವಾಗಿ, ಅದೇ ವರ್ಷ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಹುದ್ದೆಗೆ ಸೇರಿದರು. ಆಗ ಅವರಿಗೆ 19 ತುಂಬಿರಲಿಲ್ಲ.

ಕಲ್ಕತ್ತೆಯ ಬೌಬಜಾರ್ ರಸ್ತೆಯಲ್ಲಿ ವಿಜ್ಞಾನ ಸಂವರ್ಧನೆಗಾಗಿ ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸ್ಥಾಪಿಸಿದ್ದ ಸಂಸ್ಥೆಯೊಂದಿತ್ತು. ಕಟ್ಟಡವಿತ್ತು, ಉಪಕರಣಗಳಿದ್ದವು, ದುಡಿಯುವವರಿರಲಿಲ್ಲ. ರಾಮನ್ ಅದರ ಬಾಗಿಲು ತಟ್ಟಿದರು. ಅಲ್ಲಿಂದ ಹತ್ತು ವರ್ಷ ಅವರ ದಿನಚರಿ ಒಂದೇ ಬಗೆಯದು. ಬೆಳಗ್ಗೆ ಕಚೇರಿಗೆ ಮುನ್ನ ಪ್ರಯೋಗಾಲಯ, ಹಗಲು ಕಚೇರಿಯ ಕಡತ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗಾಲಯ. ನೆರವಿಗೆ ಆಶುತೋಷ್ ಡೇ ಎಂಬ ಒಬ್ಬ ಸಹಾಯಕ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು. ಅಲ್ಲಿಯೂ ಕೆಲಸ ನಿಲ್ಲಲಿಲ್ಲ. ಪಿಟೀಲಿನ ತಂತಿ ಹೇಗೆ ನಡುಗುತ್ತದೆ, ವೀಣೆ ತಂಬೂರಿಗಳ ನಾದ ಏಕೆ ಅಷ್ಟು ತುಂಬಿಕೊಂಡಿರುತ್ತದೆ ಎಂಬುದು ಆ ಕಾಲದ ಅವರ ಪ್ರಶ್ನೆಗಳು. ಮುಂದೆ ಮೃದಂಗ ಮತ್ತು ತಬಲಾಗಳ ಮೇಲಿನ ಕರಣೆ ಆ ವಾದ್ಯಗಳಿಗೆ ಶ್ರುತಿಬದ್ಧ ನಾದ ಕೊಡುವ ಬಗೆಯನ್ನೂ ವಿವರಿಸಿದರು.

1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಸರ್ ಆಶುತೋಷ್ ಮುಖರ್ಜಿಯವರು ಭೌತಶಾಸ್ತ್ರದ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ಅವರನ್ನು ಆಹ್ವಾನಿಸಿದರು. ವೇತನ ಸರ್ಕಾರಿ ಹುದ್ದೆಯದಕ್ಕಿಂತ ಬಹಳ ಕಡಿಮೆ. ಇನ್ನು ಕೆಲವು ವರ್ಷ ಕಾದಿದ್ದರೆ ಬಡ್ತಿಗಳು ತಾವಾಗಿಯೇ ಬರುತ್ತಿದ್ದವು. ರಾಮನ್ ರಾಜೀನಾಮೆ ಕೊಟ್ಟರು. ಮೂರು ದಶಕಕ್ಕೂ ಮಿಕ್ಕಿ ಸೇವೆಯಲ್ಲಿದ್ದು, ಪಿಂಚಣಿಯ ಆದೇಶ ಕೈಗೆ ಬಂದ ಮೇಲಷ್ಟೇ ಹೊರಬಂದ ನನ್ನಂಥವನಿಗೆ ಆ ನಿರ್ಧಾರದ ತೂಕ ಚೆನ್ನಾಗಿ ತಿಳಿಯುತ್ತದೆ.

1921ರಲ್ಲಿ ರಾಮನ್ ಮೊದಲ ಬಾರಿಗೆ ಯುರೋಪಿಗೆ ಹೋದರು. ಮರಳುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಅದು ಆಕಾಶದ ಪ್ರತಿಬಿಂಬವೆಂದು ಲಾರ್ಡ್ ರ‍್ಯಾಲೆ ಅಂಥ ಮಹಾವಿಜ್ಞಾನಿಯೇ ಹೇಳಿದ್ದರು. ರಾಮನ್ ತಮ್ಮಲ್ಲಿದ್ದ ಚಿಕ್ಕ ನಿಕೋಲ್ ಅಶ್ರಗದ ಮೂಲಕ ನೀರಿನ ಮೇಲ್ಮೈಯ ಪ್ರತಿಫಲನವನ್ನು ಕಳೆದು ನೋಡಿದರು. ಪ್ರತಿಬಿಂಬ ಹೋದ ಮೇಲೆಯೂ ನೀಲಿ ಉಳಿಯಿತು, ಇನ್ನೂ ನಿಚ್ಚಳವಾಯಿತು. ನೀರಿನ ಅಣುಗಳೇ ಬೆಳಕನ್ನು ಚೆದುರಿಸಿ ಆ ಬಣ್ಣ ಕೊಡುತ್ತಿವೆಯೆಂಬ ನಿರ್ಣಯಕ್ಕೆ ಬಂದರು. ಹಡಗು ಮುಂಬಯಿ ತಲುಪುವ ಹೊತ್ತಿಗೆ ಲೇಖನ ಸಿದ್ಧವಾಗಿತ್ತು. ದೊಡ್ಡವರು ಹೇಳಿದ್ದನ್ನು ಒಪ್ಪುವ ಮುನ್ನ ಕಣ್ಣಿಟ್ಟು ನೋಡುವುದು ಅವರ ಸ್ವಭಾವವಾಗಿತ್ತು.

ಮುಂದಿನ ಏಳು ವರ್ಷ ಅವರೂ ಅವರ ಶಿಷ್ಯರೂ ದ್ರವಗಳಲ್ಲಿ ಬೆಳಕು ಚೆದುರುವ ಬಗೆಯನ್ನೇ ಬೆನ್ನುಹತ್ತಿದರು. ಕೆ.ಆರ್. ರಾಮನಾಥನ್ 1923ರಲ್ಲೇ ಒಂದು ಮಂಕಾದ ಹೆಚ್ಚುವರಿ ಬೆಳಕನ್ನು ಗಮನಿಸಿದ್ದರು. ದ್ರವದ ಕಲ್ಮಷದಿಂದ ಬಂದ ಹೊಳಪಿರಬೇಕೆಂಬುದು ಆಗಿನ ಊಹೆ. ಎಷ್ಟು ಶುದ್ಧಗೊಳಿಸಿದರೂ ಅದು ಹೋಗಲಿಲ್ಲ. ಕೊನೆಗೆ 1928ರ ಫೆಬ್ರುವರಿಯಲ್ಲಿ, ಕೆ.ಎಸ್. ಕೃಷ್ಣನ್ ಅವರೊಂದಿಗೆ ದುಡಿಯುತ್ತಿದ್ದಾಗ, ವಿಷಯ ಸ್ಪಷ್ಟವಾಯಿತು. ದ್ರವಕ್ಕೆ ಬಿದ್ದ ಬೆಳಕಿನ ಬಣ್ಣ ಒಂದು. ಚೆದುರಿ ಬಂದ ಬೆಳಕಿನಲ್ಲಿ ಅದರ ಜತೆಗೆ ಬೇರೆ ಬಣ್ಣದ ಕ್ಷೀಣ ರೇಖೆಗಳು. 28ರಂದು ಪಾದರಸದ ದೀಪ ಮತ್ತು ಸರಳ ರೋಹಿತದರ್ಶಕದಿಂದ ನೋಡಿದಾಗ ಆ ರೇಖೆಗಳು ಕಣ್ಣಿಗೇ ಕಂಡವು. ಸುಮಾರು 60 ದ್ರವಗಳಲ್ಲಿ ಇದೇ ಪರಿಣಾಮ ಕಾಣಿಸಿತು. ಮಾರ್ಚ್ 16ರಂದು ರಾಮನ್ ಈ ಶೋಧವನ್ನು ಸವಿಸ್ತಾರವಾಗಿ ಮಂಡಿಸಿದ್ದು ನಮ್ಮ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಹೆಚ್ಚುಕಡಿಮೆ ಅದೇ ಸಮಯದಲ್ಲಿ ಹರಳುಗಳಲ್ಲಿ ಇದನ್ನು ಕಂಡಿದ್ದರು. ಮೊದಲು ಪ್ರಕಟಿಸಿದವರು ರಾಮನ್. 1930ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು.

ಸಾಮಾನ್ಯ ಓದುಗರಿಗೆ ಇದರ ತಿರುಳನ್ನು ಹೀಗೆ ಹೇಳಬಹುದು. ವಸ್ತುವಿನ ಮೇಲೆ ಬಿದ್ದು ಚೆದುರುವ ಬೆಳಕಿನ ಬಹುಪಾಲು ಬಂದ ಬಣ್ಣದಲ್ಲೇ ಹಿಂದಿರುಗುತ್ತದೆ. ಕೋಟಿಗೆ ಒಂದರಷ್ಟು ಕಣ ಮಾತ್ರ ಅಲ್ಲಿನ ಅಣುವಿನ ಕಂಪನಕ್ಕೆ ತನ್ನ ಶಕ್ತಿಯಲ್ಲಿ ಕೊಂಚ ಕೊಟ್ಟು, ಇಲ್ಲವೇ ಅದರಿಂದ ಕೊಂಚ ಪಡೆದು, ಬದಲಾದ ಬಣ್ಣದಲ್ಲಿ ಬರುತ್ತದೆ. ಎಷ್ಟು ಕೊಟ್ಟಿತು, ಎಷ್ಟು ಪಡೆಯಿತು ಎಂಬ ಲೆಕ್ಕ ಪ್ರತಿಯೊಂದು ಸಂಯುಕ್ತಕ್ಕೂ ಬೇರೆ ಬೇರೆ. ಬೆರಳಚ್ಚಿನಿಂದ ವ್ಯಕ್ತಿಯನ್ನು ಗುರುತಿಸುವಂತೆ ಈ ರೇಖೆಗಳಿಂದ ವಸ್ತುವನ್ನು ಗುರುತಿಸಬಹುದು. ಅದಕ್ಕಾಗಿ ವಸ್ತುವನ್ನು ಕರಗಿಸಬೇಕಿಲ್ಲ, ಸುಡಬೇಕಿಲ್ಲ, ಕೆರೆಯಬೇಕಿಲ್ಲ. ಬೆಳಕನ್ನು ಬಿಟ್ಟು, ಮರಳಿ ಬರುವ ಬೆಳಕನ್ನು ಓದಿದರಾಯಿತು.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಹುದ್ದೆಗೇರಿದ ಮೊದಲ ಭಾರತೀಯರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು. ಆದರೆ ಆಡಳಿತ ಅವರಿಗೆ ಒಗ್ಗಲಿಲ್ಲ, ಅವರ ನೇರ ನಡೆನುಡಿ ಆಡಳಿತ ಮಂಡಳಿಗೆ ಒಗ್ಗಲಿಲ್ಲ. 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಅವಮಾನವನ್ನು ನುಂಗಿಕೊಂಡು 1948ರವರೆಗೆ ಪ್ರಾಧ್ಯಾಪಕರಾಗಿ ಅಲ್ಲಿಯೇ ದುಡಿದರು. ವಜ್ರ, ಮಾಣಿಕ್ಯಗಳ ರೋಹಿತಗಳನ್ನು ಅಳೆದ ಅನ್ನಾ ಮಣಿ ಅವರಂಥ ಶಿಷ್ಯರು ರೂಪುಗೊಂಡದ್ದು ಆ ವರ್ಷಗಳಲ್ಲಿ. ನಿವೃತ್ತಿಯ ಬಳಿಕ, ಮೈಸೂರು ಮಹಾರಾಜರು ಕೊಟ್ಟಿದ್ದ ಜಮೀನಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. ಮೊದಲ ದಿನಗಳಲ್ಲಿ ವಿದ್ಯುತ್ತಿರಲಿಲ್ಲ. ಬಿಸಿಲನ್ನೇ ಕನ್ನಡಿಯಿಂದ ಒಳಗೆ ತಿರುಗಿಸಿ ಪ್ರಯೋಗ ನಡೆಯುತ್ತಿತ್ತು. ಸರ್ಕಾರದ ಹಣಕ್ಕೆ ಕೈಯೊಡ್ಡುವುದು ಅವರಿಗೆ ಸೇರುತ್ತಿರಲಿಲ್ಲ.

ಕೊನೆಯ ಎರಡು ದಶಕ ಅವರು ಮುಳುಗಿದ್ದು ಬಣ್ಣಗಳಲ್ಲಿ. ಹರಳು, ಚಿಪ್ಪು, ಚಿಟ್ಟೆ, ಹಕ್ಕಿಯ ಗರಿಗಳನ್ನು ಸಂಗ್ರಹಿಸಿದರು. ಗುಲಾಬಿ ಬೆಳೆಸಿ, ಜೇಬಿನ ಗಾತ್ರದ ರೋಹಿತದರ್ಶಕದಿಂದ ಹೂವಿನ ಎಸಳುಗಳನ್ನು ನೋಡುತ್ತಿದ್ದರು. ಮನುಷ್ಯನ ಕಣ್ಣು ಬಣ್ಣವನ್ನು ಅರಿಯುವ ಬಗೆಯ ಕುರಿತು 1968ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಅದರ ಸಿದ್ಧಾಂತವನ್ನು ವಿಜ್ಞಾನಲೋಕ ಒಪ್ಪಲಿಲ್ಲ. ಹಟ, ಅಹಂಕಾರ, ಮುಂಗೋಪ ಅವರಲ್ಲಿದ್ದವು. ಅವುಗಳ ಫಲವನ್ನೂ ಉಂಡರು. 1970ರ ನವೆಂಬರ್ 21ರಂದು ತೀರಿಕೊಂಡಾಗ, ಅವರ ಅಪೇಕ್ಷೆಯಂತೆ, ಸಂಸ್ಥೆಯ ಉದ್ಯಾನದಲ್ಲೇ ಆಡಂಬರವಿಲ್ಲದೆ ದಹನ ನಡೆಯಿತು. ಆ ಸ್ಥಳದಲ್ಲಿ ಈಗ ಇರುವುದು ಒಂದು ಮರ, ಸ್ಮಾರಕ ಕಟ್ಟಡವಲ್ಲ.

ತಮ್ಮ ಶೋಧ ಚಿತ್ರಕಲೆಯ ಆರೈಕೆಗೆ ಒದಗಿದ್ದನ್ನು ಅವರು ನೋಡಲಿಲ್ಲ. ರಾಮನ್ ಪರಿಣಾಮದ ಬೆಳಕು ತೀರ ಕ್ಷೀಣವಾದ್ದರಿಂದ ಒಂದು ಛಾಯಾಪಟಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. 1940ರ ದಶಕದಿಂದೀಚೆಗೆ ಅವಕೆಂಪು ರೋಹಿತದ ಉಪಕರಣಗಳು ಸುಲಭವಾಗಿ, ಈ ವಿಧಾನ ಹಿಂದೆ ಸರಿದಿತ್ತು. 1960ರಲ್ಲಿ ಲೇಸರ್ ಬಂದ ಮೇಲೆ ಮತ್ತೆ ಜೀವ ತುಂಬಿತು. 1970ರ ದಶಕದಲ್ಲಿ ಫ್ರಾನ್ಸಿನ ಲಿಲ್ ನಗರದ ವಿಜ್ಞಾನಿಗಳು ಅದನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿದರು. ಕೂದಲೆಳೆಗಿಂತ ಸಣ್ಣ ಬಣ್ಣದ ಕಣವನ್ನೂ, ಅದು ಇದ್ದ ಜಾಗದಲ್ಲೇ ಇರುವಂತೆ, ಗುರುತಿಸುವುದು ಸಾಧ್ಯವಾಯಿತು. ಅಲ್ಲಿಯವರೆಗೆ ಹಳೆಯ ಚಿತ್ರದ ಬಣ್ಣ ಯಾವುದೆಂದು ಖಚಿತವಾಗಿ ತಿಳಿಯಬೇಕಾದರೆ ಚಾಕುವಿನ ಮೊನೆಯಿಂದ ಒಂದು ಚೂರು ತೆಗೆಯುವುದೇ ರೂಢಿಯಾಗಿತ್ತು.

ಈ ವಿಧಾನದ ಫಲಗಳಲ್ಲಿ ಎರಡನ್ನು ಹೇಳಬಹುದು. ಲಂಡನ್ನಿನಲ್ಲಿರುವ ಲಿಂಡಿಸ್‌ಫಾರ್ನ್ ಸುವಾರ್ತೆಗಳು ಎಂಬ ಸುಮಾರು 1,300 ವರ್ಷ ಹಳೆಯ ಹಸ್ತಪ್ರತಿಯ ನೀಲಿ, ದೂರದ ಅಫ್ಘಾನಿಸ್ತಾನದಿಂದ ಬಂದ ರಾಜಾವರ್ತ ಶಿಲೆಯದೆಂದು ಬಹುಕಾಲ ನಂಬಲಾಗಿತ್ತು. ರಾಜಾವರ್ತವಿದ್ದರೆ ರೋಹಿತದಲ್ಲಿ 548 ಎಂಬ ಸಂಖ್ಯೆಯ ಹತ್ತಿರ ಎದ್ದು ಕಾಣುವ ರೇಖೆ ಬರಬೇಕು. ಲಂಡನ್ ಯೂನಿವರ್ಸಿಟಿ ಕಾಲೇಜಿನ ರಾಬಿನ್ ಕ್ಲಾರ್ಕ್ ಮತ್ತು ಕ್ಯಾಥರೀನ್ ಬ್ರೌನ್ ನೋಡಿದಾಗ ಸಿಕ್ಕಿದ್ದು ಗಿಡದಿಂದ ತೆಗೆದ ನೀಲಿ. 2004ರ ಆ ವರದಿ ಪ್ರಾಚೀನ ವ್ಯಾಪಾರದ ಬಗೆಗಿನ ಒಂದು ಕಥೆಯನ್ನೇ ತಿದ್ದಿತು. ಅದಕ್ಕೂ ಮುನ್ನ, 2002ರಲ್ಲಿ, ಕೊಲಂಬಸ್‌ಗಿಂತ ಹಿಂದಿನದೆಂದು ಹೇಳಲಾಗಿದ್ದ ವಿನ್‌ಲ್ಯಾಂಡ್ ನಕ್ಷೆಯ ಹಳದಿ ಗೆರೆಗಳಲ್ಲಿ ಇದೇ ಜೋಡಿ ಅನಟೇಸ್ ಎಂಬ ಟೈಟಾನಿಯಂ ಸಂಯುಕ್ತವನ್ನು ಕಂಡಿತ್ತು. ಆ ಬಗೆಯ ಬಣ್ಣ ಕಾರ್ಖಾನೆಯಿಂದ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ನಕ್ಷೆಯ ಒಡೆತನದ ಯೇಲ್ ವಿಶ್ವವಿದ್ಯಾಲಯವೇ 2021ರಲ್ಲಿ ಅದು ನಕಲಿಯೆಂದು ಸಾರಿತು.

ಬೆಳಕಿನ ಈ ಪರೀಕ್ಷೆ ಒಂಟಿಯಾಗಿ ಎಲ್ಲವನ್ನೂ ಹೇಳಲಾರದು. ಎಕ್ಸ್-ರೇ ಪ್ರತಿದೀಪ್ತಿ ಬಣ್ಣದಲ್ಲಿರುವ ಮೂಲವಸ್ತುವನ್ನು ತಿಳಿಸುತ್ತದೆ: ಸೀಸ, ಪಾದರಸ, ಕಬ್ಬಿಣ ಎಂದು. ಆ ಕಬ್ಬಿಣ ಯಾವ ರೂಪದಲ್ಲಿದೆ ಎಂಬುದನ್ನು ಹೇಳುವುದು ರಾಮನ್ ರೋಹಿತ. ಇದನ್ನು ಅರಿಯಲು ಖಾನಾಪುರದ ಕುಂಬಾರರ ಆವಿಗೆಯೇ ಸಾಕು. ಅಲ್ಲಿನ ಮಂಕು ಬಣ್ಣದ ಮಣ್ಣು ಬೆಂಕಿಯಲ್ಲಿ ಬೆಂದು ಕೆಂಪಗಾಗುತ್ತದೆ. ಒಳಗಿನ ಕಬ್ಬಿಣ ಅದೇ, ಅದರ ರೂಪ ಬೇರೆ. ಹಾಗೆಯೇ ಹಳದಿ ಮಣ್ಣನ್ನು ಸುಟ್ಟರೆ ಕಾವಿ. ಗೋಡೆಯ ಕೆಂಪು ಕಾವಿಯೋ, ಪಾದರಸದ ಇಂಗಲೀಕವೋ, ಸೀಸದ ಸಿಂಧೂರವೋ ಎಂಬುದು ಕುತೂಹಲದ ಪ್ರಶ್ನೆ ಮಾತ್ರವಲ್ಲ. ಕಾವಿ ಗಟ್ಟಿಗ, ಸಿಂಧೂರ ತೇವಕ್ಕೂ ಬೆಳಕಿಗೂ ಕಪ್ಪಾಗಬಲ್ಲದು. ಬಣ್ಣ ಯಾವುದೆಂದು ತಿಳಿಯದೆ ಶುಚಿಗೊಳಿಸುವುದು ರೋಗ ತಿಳಿಯದೆ ಔಷಧ ಕೊಟ್ಟಂತೆ.

ಮಿತಿಗಳೂ ಇವೆ. ಹಳೆಯ ಅಂಟು, ಮೆರುಗೆಣ್ಣೆಗಳ ಹೊಳಪು ಕ್ಷೀಣ ರೇಖೆಗಳನ್ನು ಮುಚ್ಚಿಬಿಡಬಹುದು. ಲೇಸರ್ ಪ್ರಖರವಾದರೆ ಸಿಂಧೂರದಂಥ ಬಣ್ಣ ಸುಟ್ಟು ಕಪ್ಪಾದೀತು; ಮುಟ್ಟದ ಪರೀಕ್ಷೆಯೂ ನುರಿತ ಕೈ ಬೇಡುತ್ತದೆ. ದಪ್ಪ ಎಣ್ಣೆಬಣ್ಣದ ಕೆಳಗೆ ಮುಚ್ಚಿಹೋದದ್ದನ್ನು ಸಾಮಾನ್ಯ ರಾಮನ್ ಉಪಕರಣ ನೋಡಲಾರದು. ಅವಕೆಂಪು ಛಾಯಾಗ್ರಹಣ ಕೆಲವೊಮ್ಮೆ ಒಳಗಿನ ಗೆರೆಗಳನ್ನು ತೋರಿಸುತ್ತದೆ, ಯಾವಾಗಲೂ ಅಲ್ಲ. ಅಂದರೆ ಈ ವಿದ್ಯೆಯ ಪೂರ್ಣ ಪ್ರಯೋಜನ ದುರಸ್ತಿಗೆ ಮುನ್ನವೇ. ಆ ಹಳ್ಳಿಯ ಗೋಡೆಯ ಬಗ್ಗೆ ನನ್ನನ್ನು ಕಾಡುವುದು ಈ ಮಾತೇ.

ಕರ್ನಾಟಕದಲ್ಲಿ ಇದರ ಅಗತ್ಯವಿರುವ ತಾಣಗಳು ಕಡಿಮೆಯೇನಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಆರನೆಯ ಶತಮಾನದ ಬಣ್ಣದ ಕುರುಹುಗಳಿವೆ. ಹಂಪಿಯ ವಿರೂಪಾಕ್ಷ ದೇವಾಲಯದ ಛಾವಣಿಯಲ್ಲಿ ಚಿತ್ರಗಳಿವೆ. 1784ರಲ್ಲಿ ಕಟ್ಟಿದ ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಗಳಲ್ಲಿ 1780ರ ಪೊಲ್ಲಿಲೂರು ಯುದ್ಧದ ದೃಶ್ಯವಿದೆ. ಬ್ರಿಟಿಷರ ಕಾಲದಲ್ಲಿ, ಡಾಲ್‌ಹೌಸಿಯ ಆಜ್ಞೆಯಂತೆ, ಅದಕ್ಕೆ ಮತ್ತೆ ಬಣ್ಣ ತುಂಬಲಾಯಿತು. ಯಾವ ಗೆರೆ ಟಿಪ್ಪುವಿನ ಕಾಲದ್ದು, ಯಾವುದು ನಂತರದ್ದು ಎಂಬ ಪ್ರಶ್ನೆಗೆ ಇಂಥ ಪರೀಕ್ಷೆಗಳು ಉತ್ತರ ಹುಡುಕಬಲ್ಲವು. ಇವೆಲ್ಲ ಸಂರಕ್ಷಿತ ತಾಣಗಳು, ಕಾಯುವವರಿದ್ದಾರೆ. ಗೋವಾ, ಉತ್ತರ ಕನ್ನಡದ ಕಡೆ ಸುಣ್ಣದ ಗಾರೆಯ ಮೇಲೆ ಕಾವಿ ಹಚ್ಚಿ, ಒಣಗುವ ಮೊದಲೇ ಕೊರೆದು ಬಿಳಿ ಗೆರೆ ಮೂಡಿಸುವ ಕಾವಿ ಕಲೆಗೆ, ಹಳ್ಳಿಯ ಗುಡಿ, ವಾಡೆ, ಮಠಗಳ ಚಿತ್ರಗಳಿಗೆ ಆ ಕಾವಲಿಲ್ಲ. ಅವುಗಳ ಮೇಲೆ ಕುಂಚ ಆಡುವುದು ನನ್ನಂಥವರ ಸಹಿಯಿಂದ.

ಅರ್ಥಶಾಸ್ತ್ರ ಓದಿದವನಾಗಿ ಒಂದು ಮಾತು ಹೇಳುತ್ತೇನೆ. ರಸ್ತೆ ಕೆಟ್ಟರೆ ಮತ್ತೆ ಹಾಕಬಹುದು, ಕಟ್ಟಡ ಬಿದ್ದರೆ ಮತ್ತೆ ಕಟ್ಟಬಹುದು. ಕೆರೆದು ಹೋದ ಚಿತ್ರಕ್ಕೆ ಮರುಹೂಡಿಕೆಯಿಲ್ಲ. ಹಿಂದಿರುಗಿಸಲಾಗದ ನಷ್ಟವಿರುವ ಕಡೆ, ನಿರ್ಧಾರಕ್ಕೆ ಮುನ್ನ ಮಾಹಿತಿ ಪಡೆಯುವ ಖರ್ಚು ಎಂದಿಗೂ ದುಬಾರಿಯಲ್ಲ. ಯುರೋಪಿನಲ್ಲಿ 2000ದ ದಶಕದಿಂದ ಸಂಚಾರಿ ಪ್ರಯೋಗಾಲಯಗಳೇ ಚಿತ್ರವಿದ್ದಲ್ಲಿಗೆ ಹೋಗುತ್ತಿವೆ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ರಾಮನ್ ಉಪಕರಣಗಳು ಬಂದಿವೆ. ನಮ್ಮಲ್ಲಿ ಪ್ರತಿ ಗುಡಿಗೂ ಉಪಕರಣ ಬೇಕೆಂದು ನಾನು ಹೇಳುವುದಿಲ್ಲ. ದುರಸ್ತಿಯ ಅಂದಾಜು ಪಟ್ಟಿಗೆ ಎರಡು ಸಾಲು ಸೇರಲಿ. ಒಂದು, ಕೆಲಸಕ್ಕೆ ಮುನ್ನ ಪ್ರತಿ ಗೋಡೆಯ ಛಾಯಾಚಿತ್ರ. ಎರಡು, ಹಳೆಯ ಬಣ್ಣದ ಕುರುಹು ಕಂಡರೆ ತಜ್ಞರ ಪರೀಕ್ಷೆಯಾಗುವವರೆಗೆ ಕೆರೆಯುವಂತಿಲ್ಲ. ಬೆಂಗಳೂರು, ಮೈಸೂರುಗಳಲ್ಲಿರುವ ಪರಿಣತರನ್ನು ವರ್ಷಕ್ಕೆ ಕೆಲವು ವಾರ ಬೆಳಗಾವಿಯಂಥ ಜಿಲ್ಲೆಗಳಿಗೆ ಕರೆಸುವುದು ಸರ್ಕಾರಕ್ಕೆ ಹೊರೆಯಾಗಲಾರದು.

ಕಳೆದ ಮಳೆಗಾಲ ಮುಗಿದ ಮೇಲೆ ಆ ಹಳ್ಳಿಗೆ ಮತ್ತೊಮ್ಮೆ ಹೋಗಿದ್ದೆ. ಅಂದು ಮಾತನಾಡಿದ ಹಿರಿಯರು ಈಗಿಲ್ಲ. ನನ್ನ ಸಹಿಯ ಎಣ್ಣೆಬಣ್ಣದ ಮೇಲೆ ಇನ್ನೆರಡು ಬಾರಿ ಬಣ್ಣ ಬಿದ್ದಿದೆ. ಒಂದು ಮೂಲೆಯಲ್ಲಿ ತೇವ ಹತ್ತಿ ಹಕ್ಕಳೆ ಎದ್ದಿತ್ತು. ಅದರ ಅಡಿಯಲ್ಲಿ ಅಂಗೈಯಗಲದ ಸುಣ್ಣದ ಗಾರೆ, ಅದರ ಮೇಲೊಂದು ಕೆಂಪು ಗೆರೆ. ಆನೆಯ ಬೆನ್ನೋ, ಬಳ್ಳಿಯ ಬಾಗೋ ತಿಳಿಯಲಿಲ್ಲ. ಉಳಿದ ಹಕ್ಕಳೆಯನ್ನೂ ಕಿತ್ತು ತೋರಿಸಲು ಅರ್ಚಕರ ಮಗ ಉಗುರು ಹಾಕಿದ. ಬೇಡಪ್ಪ, ಮುಟ್ಟಬೇಡ ಎಂದೆ. ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡು ಬಂದು, ಸಂಬಂಧಪಟ್ಟ ಇಲಾಖೆಗೆ ಪತ್ರ ಬರೆದಿದ್ದೇನೆ. ಉತ್ತರಕ್ಕಾಗಿ ಕಾಯುತ್ತಿದ್ದೇನೆ.